ಖಿಚಡಿಯ ಪರೀಕ್ಷೆ

"ನುಂಗಬ್ಯಾಡ್ರಿ ಸಾಹೇಬ್ರ, ಉಗುಳ್ರಿ. ಅದು ಅವ್ರ ಕೈಯಾಗಿಂದದ."

ಗುಮಾಸ್ತ ಹಾವಗೆಪ್ಪ ಕಿವಿಯಲ್ಲಿ ಉಸುರಿದ್ದು ಬಾಗಿಲಲ್ಲಿ ನಿಂತಿದ್ದ ಮನಿಷಾಳಿಗೂ ಕೇಳಿಸಿತು. ಅಧಿಕಾರಿ ಅಮಿತಕುಮಾರ ಸಾಹೇಬರ ಬಾಯಿ ತುಂಬ ಖಿಚಡಿಯಿತ್ತು.

ಭಾಲ್ಕಿಯ ಸರ್ಕಾರಿ ಹಾಸ್ಟೆಲ್ಲಿಗೆ ಅಡುಗೆಯವರನ್ನು ಆರಿಸುವ ದಿನ. ಬಂದ ಹೆಂಗಸರು ಖಿಚಡಿ ಮಾಡಿ, ಯಾರದು ಯಾವುದೆಂದು ಹೇಳದೆ ಮುಂದಿಡಬೇಕು. ಪಕ್ಷಪಾತ ಆಗಬಾರದೆಂದು ಈ ಏರ್ಪಾಡು ಮಾಡಿದವರು ಸಾಹೇಬರೇ. ಬೆಳಿಗ್ಗೆ ಬಸವಣ್ಣನ ಪಟಕ್ಕೆ ಹಾರ ಹಾಕಿ, ಮೇಲು ಕೀಳು ಎಣಿಸುವವರು ಮನುಷ್ಯರೇ ಅಲ್ಲ ಎಂದೂ ಅಪ್ಪಣೆ ಕೊಡಿಸಿದ್ದರು. ಕಸ್ತೂರಿಬಾಯಿಯ ಖಿಚಡಿ ತಳ ಹಿಡಿದಿತ್ತು. ಮನಿಷಾಳದನ್ನು ತಿಂದು, ಇಂಥ ಕೈ ಸಿಕ್ಕರೆ ಹುಡುಗರು ಪುಣ್ಯವಂತರು ಎಂದು ಮತ್ತೆ ಹಾಕಿಸಿಕೊಂಡರು. ಆಗ ಮಾಡಿದವಳ ಹೆಸರು ಕೇಳಿದರು. ಹಲಬರ್ಗಾದ ಮನಿಷಾ ಎಂದಳು. ಹಾವಗೆಪ್ಪ ಓಣಿ ಕೇಳಿದ. ಬುದ್ಧವಿಹಾರದ ಹಿಂದಿನದು ಎಂದಳು.

ಈಗ ಸಾಹೇಬರಿಗೆ ಉಗುಳಲು ನಾಚಿಕೆ, ನುಂಗಲು ಹೇಸಿಗೆ. ಕೆನ್ನೆ ಉಬ್ಬಿಸಿಕೊಂಡು ಬಚ್ಚಲಿಗೆ ಓಡಿದರು. ಬಾಯಿ ಮುಕ್ಕಳಿಸುವ ಸದ್ದು ಇಲ್ಲಿಯವರೆಗೂ ಬರುತ್ತಿತ್ತು.

ಹಾವಗೆಪ್ಪ ಉಪಕಾರ ಮಾಡುವವನಂತೆ ಹತ್ತಿರ ಬಂದ. ಅಡುಗೆಗೆ ಕಸ್ತೂರಿಬಾಯಿಯೇ ಎಂದು ತಿಳಿಸಿದ.

"ನಿನಗ ಸಂಡಾಸ ತೊಳಿಯೋ ಕೆಲಸ ಕೊಡಸ್ತೇನಿ. ಅದೂ ಸರ್ಕಾರಿದೇ ಅದ."

"ಅದಕ್ಕ ಪರೀಕ್ಷಾ ಇಲ್ಲೇನ್ರಿ?"

"ಅದಕ್ಕೆಂಥಾ ಪರೀಕ್ಷಾ? ನಿಮ್ಮ ಮಂದಿಗಿ ಹುಟ್ಟಾನೇ ಬರ್ತದ."

ಮನಿಷಾ ಬಾಗಿಲು ಬಿಟ್ಟು ಒಳಗೆ ಬಂದಳು. ಒಂದು ತಟ್ಟೆ ತೊಳೆದು ತಂದಳು. ಸಾಹೇಬರ ಕುರ್ಚಿ ಎಳೆದುಕೊಂಡು ಕೂತು, ತನ್ನ ಪಾತ್ರೆಯಿಂದ ಖಿಚಡಿ ಬಡಿಸಿಕೊಂಡು ಉಣ್ಣತೊಡಗಿದಳು. ಹಾವಗೆಪ್ಪ ಏಳು ಏಳು ಎಂದು ಕೂಗಿದ. ಕೈ ಹಿಡಿದು ಎಬ್ಬಿಸಲು ಮಾತ್ರ ಮುಂದೆ ಬರಲಿಲ್ಲ. ಮುಟ್ಟಬೇಕಾಗುತ್ತಿತ್ತಲ್ಲ.

ಸಾಹೇಬರು ಕರ್ಚೀಫಿನಿಂದ ತುಟಿ ಒರೆಸುತ್ತ ಬಂದು ಕುರ್ಚಿಯ ಮುಂದೆ ನಿಂತರು. ಮನಿಷಾ ತುತ್ತು ನುಂಗಿ ಹೇಳಿದಳು:

"ಚಿದ್ರಿಯಾಗ ನಿಮ್ಮ ಮಗಳು ಶಿವಾನಿ ಅಕ್ಕೋರ ಲಗ್ನ ಆಯ್ತಲ್ರಿ, ಅವತ್ತ ಕೇಟರಿಂಗಿನವ್ರ ಸಂಗಟ ಹೋಳಗಿ ಮಾಡ್ದಾಕಿ ನಾನೇ. ಅದನ್ನೂ ಉಗುಳ್ರಿ, ನಾ ಕಾಯ್ತೇನಿ. ಬೀಗರು ಬೆರಳ ಚೀಪಿದ್ರು. ಅವ್ರಿಗೂ ಫೋನ್ ಹಚ್ಚಿ ಹೇಳ್ರಿ."

ಆ ಮದುವೆಯಿಂದ ಹೋಳಿಗೆ ಕಟ್ಟಿಸಿಕೊಂಡು ಹೋಗಿದ್ದ ಹಾವಗೆಪ್ಪ ನೆಲ ನೋಡಿದ. ಒಲೆಯ ಬಳಿ ಕಸ್ತೂರಿಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಸಾಹೇಬರ ಕೈ ತಂತಾನೇ ಗಂಟಲಿಗೆ ಹೋಯಿತು.

ಮನಿಷಾ ಇನ್ನೊಂದು ಸೌಟು ಬಡಿಸಿಕೊಂಡಳು.