ಅಳತೆ ಅಂಗಿ

ಹೊಲಿಗೆಯವಳ ಸೊಂಟದ ಮೂಳೆಗೆ ಸೂಜಿ ಇಳಿಸಿ ಮಜ್ಜೆ ತೆಗೆದರು. ಅದರ ವರದಿಯನ್ನು ಅವಳಿಗೆ ಕೊಡಲಿಲ್ಲ.

ಔಷಧ ಹಿಡಿಯದೆ ಅವಳು ಬೇರೆ ಆಸ್ಪತ್ರೆಗೆ ಹೋದಳು. ಹಳೆಯ ವರದಿ ತಂದರೆ ಸರಿ, ಇಲ್ಲವಾದರೆ ಮತ್ತೆ ಸೂಜಿಯೇ ಗತಿ ಎಂದರು ಅಲ್ಲಿಯ ಡಾಕ್ಟರು. ಅಂದಿನಿಂದ ನಾದಿನಿಯ ತೋಳು ಹಿಡಿದು ಹಳೆಯ ಆಸ್ಪತ್ರೆಯ ನೆಲಮಾಳಿಗೆಗೆ, ದಾಖಲೆ ಕೋಣೆಯ ಕಿಟಕಿಗೆ ಅಲೆಯುತ್ತಿದ್ದಾಳೆ. ಡಾಕ್ಟರ ಸಹಿ ಬೇಕೆಂದರು, ತಂದಳು. ರೋಗಿಯೇ ಬರಬೇಕೆಂದರು, ರೋಗಿಯೇ ಎದುರಿಗೆ ನಿಂತಿದ್ದಳು.

ಇವತ್ತು ಅವಳ ಫೈಲು ಗುಮಾಸ್ತನ ಮೇಜಿನ ಮೇಲೇ ಮಲಗಿತ್ತು. ಅದರ ಮೇಲೆ ಅವನ ಚಹಾದ ಲೋಟ.

"ನೋಡಿ ಅಮ್ಮ, ಕಾಯಿಲೆ ನಿಮ್ದು, ಫೈಲು ಆಸ್ಪತ್ರೇದು," ಅಂದ. "ನಮ್ಮನ್ನ ಬಿಟ್ಟು ಬೇರೆ ಆಸ್ಪತ್ರೆಗೆ ಹೋದೋರಿಗೆ ಕೊಡ್ಬೇಡ ಅಂತ ಮೇಲಿನೋರು ಹೇಳಿದಾರೆ."

"ಫೈಲಿನ ಪುಣ್ಯ ನೋಡಿ ಅತ್ತಿಗೆ," ನಾದಿನಿ ಅಂದಳು. "ಅದಕ್ಕಾದ್ರೂ ಇಲ್ಲಿ ಹಾಸಿಗೆ ಸಿಕ್ತು."

ಹೊಲಿಗೆಯವಳಿಗೆ ನಗಲೂ ತ್ರಾಣವಿರಲಿಲ್ಲ. ಕಿಟಕಿಯ ಚೌಕಟ್ಟಿಗೆ ಕೈಯೂರಿದಳು.

"ನನ್ನ ಹತ್ರ ಹೊಲಿಸೋರು ಅಳತೆಗೆ ಅಂತ ಹಳೇ ಅಂಗಿ ಕೊಡ್ತಾರಪ್ಪ. ನನ್ನ ಹೊಲಿಗೆ ಒಗ್ಗದೆ ಇನ್ನೊಬ್ಬಳ ಹತ್ರ ಹೋಗ್ತಾರೆ ಅನ್ಕೋ. ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ. ಹಾಗಂತ ಆ ಅಂಗಿ ಇಟ್ಕೊಂಡ್ರೆ ನನ್ನ ಏನಂತಾರೆ?"

"ಕಳ್ಳಿ ಅಂತಾರೆ," ನಾದಿನಿ ಅಂದಳು.

"ಅಂಗಿ ಬೇರೆ, ರಿಪೋರ್ಟ್ ಬೇರೆ," ಅಂದ ಗುಮಾಸ್ತ.

"ಬೇರೇನೇ. ಅಂಗಿ ಮೈಮೇಲಿಂದು, ಇದು ಮೂಳೆಯೊಳಗಿಂದು," ಅಂದಳು ಹೊಲಿಗೆಯವಳು.

ಗುಮಾಸ್ತ ದನಿ ತಗ್ಗಿಸಿದ. "ಕೊಟ್ರೆ ನನ್ನ ಅನ್ನಕ್ಕೆ ಕಲ್ಲು ಬೀಳುತ್ತೆ. ಅಲ್ಲೇ ಇನ್ನೊಂದ್ಸಲ ಚುಚ್ಚಿಸ್ಕೊಳ್ಳಿ. ಏನ್ ಮಹಾ, ಇರುವೆ ಕಚ್ಚಿದ ಹಾಗೆ."

ಇರುವೆ. ಅಂದು ಅವಳು ದಿಂಬು ಕಚ್ಚಿಕೊಂಡು ಮಲಗಿದ್ದಳು. ಆಮೇಲೆ ಬಹಳ ದಿನ ಯಂತ್ರದ ಮುಂದೆ ಕೂರಲಾಗದೆ, ಒಪ್ಪಿಕೊಂಡ ಬಟ್ಟೆಗಳನ್ನೆಲ್ಲ ನಿಂತೇ ಕೈಯಲ್ಲಿ ಹೊಲಿದು ಮುಗಿಸಿದ್ದಳು.

ಗುಮಾಸ್ತ ಲೋಟ ಎತ್ತಿದ, ಫೈಲನ್ನು ಬೀರುವಿಗೆ ತುರುಕಿದ, ಬಂದು ಕಿಟಕಿಯ ಬಾಗಿಲು ಹಿಡಿದ.

"ಟೈಮಾಯ್ತು. ಕೈ ತೆಗೀರಿ."

ಅವಳು ತನ್ನ ಕೈಯನ್ನೇ ನೋಡಿದಳು. ಅದು ಅಲ್ಲಾಡಲಿಲ್ಲ.

"ಬೆರಳು ಜಜ್ಜಿ ಹೋಗುತ್ತಮ್ಮ, ತೆಗೀರಿ."

"ಹೋಗ್ಲಿ. ಅದರ ರಿಪೋರ್ಟೂ ನಿಮ್ಮ ಆಸ್ಪತ್ರೇನೇ ಇಟ್ಕೊಳ್ಳಲಿ," ಅಂದಳು ಹೊಲಿಗೆಯವಳು. "ನಾನು ಕೈ ತೆಗೆಯಲ್ಲ."