ಫಕೀರವ್ವನ ಮಣ್ಣಿನ ರೊಕ್ಕ

ನಾನು ಅಂಚೆ ಕಚೇರಿಯ ಒಂದು ಉಳಿತಾಯ ಪಾಸ್‌ಬುಕ್ಕು. ಬೆನ್ನಿಗೆ ಎರಡು ಪಿನ್ನು ಹೊಡೆಸಿಕೊಂಡು ಯಾವುದೋ ಅಚ್ಚುಕೂಟದಲ್ಲಿ ಹುಟ್ಟಿದೆ. ಬ್ಯಾಡಗಿಯ ಅಂಚೆ ಕಚೇರಿಯ ಕಪಾಟಿನಲ್ಲಿ ವರ್ಷವೊಂದು ಖಾಲಿ ಕೂತೆ. ಯಾವನಾದರೂ ಸಾಹುಕಾರನ ಕೈ ಸೇರಬೇಕು, ದೊಡ್ಡ ದೊಡ್ಡ ಅಂಕಿ ಹೊರಬೇಕು ಎಂಬ ಆಸೆ ನನಗೂ ಇತ್ತು. ಸುಳ್ಳು ಯಾಕೆ ಹೇಳಲಿ?

ಸಿಕ್ಕವಳು ಫಕೀರವ್ವ. ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ಕೂಲಿ. ಗಂಡ ತೀರಿಕೊಂಡು ಆಗಿನ್ನೂ ಎರಡು ತಿಂಗಳಾಗಿತ್ತು, ಮಕ್ಕಳಿರಲಿಲ್ಲ. ಮೊದಲ ದಿನ ಹಾಕಿದ್ದು ಐವತ್ತು ರೂಪಾಯಿ. ನನಗೆ ಮುಖಭಂಗವಾದಂತಾಯಿತು. ಹಳೇ ಸೀರೆಯ ಚೂರಿನಲ್ಲಿ ಸುತ್ತಿ ಜೋಳದ ಡಬ್ಬಿಯೊಳಗೆ ನನ್ನನ್ನು ಇಟ್ಟಳು. ಅವಳ ಕೈಯ ಖಾರ ನನ್ನ ಹಾಳೆಗಳಿಗೂ ಹತ್ತಿತು. ಅಲ್ಲಿಂದ ಮುಂದೆ ನನ್ನನ್ನು ಬಿಚ್ಚಿದವರೆಲ್ಲ ಸೀನುತ್ತಿದ್ದರು.

ತಿಂಗಳಿಗೊಮ್ಮೆ ನೂರೈವತ್ತು, ಸುಗ್ಗಿಯ ದಿನಗಳಲ್ಲಿ ಇನ್ನೂರು. ತೆಗೆಯುವುದಂತೂ ಇಲ್ಲವೇ ಇಲ್ಲ. ಒಂದು ವರ್ಷ ಜ್ವರ ಬಂದು ಒಂಬತ್ತು ದಿನ ಮಲಗಿದಳು. ಪಕ್ಕದ ಗುಡಿಸಲಿನ ಮಾಬೂಬಿ, ಪೇಟೆಯಲ್ಲಿ ಇವಳ ಜೊತೆಗೇ ಕೂತು ಕೆಲಸ ಮಾಡುವವಳು, ಗಂಜಿ ಕುಡಿಸುತ್ತ ಬೈದಳು.

"ಅಕ್ಕಾ, ಪೋಸ್ಟಿನ್ಯಾಗ ರೊಕ್ಕ ಐತಿ. ತಗದು ದವಾಖಾನಿಗೆ ಹೋಗಬಾರದೇನ?"

"ಅದು ನಂದಲ್ಲವಾ. ಅದು ಮಣ್ಣಿನ ರೊಕ್ಕ."

ಅವಳ ಗಂಡ ಸತ್ತ ದಿನ ಮನೆಯಲ್ಲಿ ಒಂದು ಬಿಡಿಗಾಸೂ ಇರಲಿಲ್ಲವಂತೆ. ಮಣ್ಣು ಮಾಡುವ ಖರ್ಚಿಗೆ ಓಣಿಯವರು ಮನೆಮನೆಗೆ ಹೋಗಿ ಪಟ್ಟಿ ಎತ್ತಿ ರೊಕ್ಕ ಕೂಡಿಸುವ ತನಕ ಹೆಣ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲಲ್ಲೇ ಕಾದಿತ್ತು. ತನ್ನ ಹೆಣ ಯಾರ ಮುಂದೆಯೂ ಕೈ ಒಡ್ಡಬಾರದು ಎಂದು ಅವಳು ಅವತ್ತೇ ಹಟ ತೊಟ್ಟಳು. ನಾನು ಅವಳ ಕೈ ಸೇರಿದ್ದೇ ಆ ಹಟಕ್ಕೆ.

ಹದಿನಾಲ್ಕು ವರ್ಷ ಹೀಗೇ ಕಳೆಯಿತು. ಬಡ್ಡಿ ಸೇರಿ ಮೂವತ್ತೆಂಟು ಸಾವಿರದ ನಾನೂರು ಆಯಿತು. ಅಷ್ಟರಲ್ಲಿ ಅವಳು ಬಾಡಿಗೆಗಿದ್ದ ತಗಡಿನ ಗುಡಿಸಲಿನ ಜಾಗದಲ್ಲಿ ಗೋದಾಮು ಕಟ್ಟುವುದಾಗಿ ಮಾಲೀಕ ಹೇಳಿ, ಯುಗಾದಿಯೊಳಗೆ ಖಾಲಿ ಮಾಡು ಎಂದ. ಅದೇ ಹೊತ್ತಿಗೆ ಬಡವರಿಗಾಗಿ ಕಟ್ಟಿಸಿದ ಸರಕಾರಿ ಮನೆಗಳಿಗೆ ಪುರಸಭೆಯವರು ಅರ್ಜಿ ಕರೆದರು. ಉಳಿತಾಯ ಮೂವತ್ತು ಸಾವಿರ ಮೀರಿದವರಿಗೆ ಮನೆ ಇಲ್ಲ ಎಂಬುದು ನಿಯಮ. ಅಲ್ಲಿನ ಗುಮಾಸ್ತ ಕೊಟ್ರೇಶ ಅರ್ಜಿ ತುಂಬುತ್ತ ಕೇಳಿದ, "ಉಳಿತಾಯ ಎಷ್ಟೈತವ್ವ?"

"ನಂದೇನೂ ಇಲ್ರಿ," ಎಂದಳು ಫಕೀರವ್ವ. ಕಣ್ಣು ಕೂಡ ಮಿಟುಕಿಸಲಿಲ್ಲ.

ಅವಳ ಮಟ್ಟಿಗೆ ಅದು ನಿಜ. ಆದರೆ ಕಂಪ್ಯೂಟರಿಗೆ ಆಧಾರ್ ನಂಬರ್ ಗೊತ್ತು, ಹಟ ಗೊತ್ತಿಲ್ಲ. ತಿಂಗಳು ತುಂಬುವುದರೊಳಗೆ ಚೀಟಿ ಬಂತು: ಎಂಟು ದಿನದಲ್ಲಿ ಪಾಸ್‌ಬುಕ್ಕು ತಂದು ಉತ್ತರ ಹೇಳಬೇಕು, ಇಲ್ಲದಿದ್ದರೆ ಅರ್ಜಿ ವಜಾ.

"ರೊಕ್ಕ ತಗದು ನನ್ನ ಹಂತ್ಯಾಕ ಇಡು. ಖರ್ಚಾತು ಅನ್ನು," ಎಂದಳು ಮಾಬೂಬಿ.

"ಮುಚ್ಚಿಡಾಕ ನಾ ಏನ್ ಕದ್ದೀನೇನ?" ಎಂದು ಇವಳು ನನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟೇಬಿಟ್ಟಳು.

ಕೊಟ್ರೇಶ ನನ್ನನ್ನು ಬಿಚ್ಚಿದ, ಎರಡು ಸಲ ಸೀನಿದ, ಕಡೆಯ ಸಾಲಿನ ಮೇಲೆ ಬೆರಳಿಟ್ಟ. "ಇದು ನಿನ್ನ ಹೆಸರಲ್ಲೇನವ್ವ?"

"ಹೆಸರು ನಂದ್ರಿ. ರೊಕ್ಕ ನಂದಲ್ರಿ."

"ಮತ್ಯಾರ್ದು?"

"ನನ್ನ ಹೆಣದ್ದು."

ಸಾಲಿನಲ್ಲಿ ನಿಂತವರು ಕಿಸಕ್ಕನೆ ನಕ್ಕರು. ಕೊಟ್ರೇಶ ನಗಲಿಲ್ಲ. ಫಕೀರವ್ವ ಪಟ್ಟಿ ಎತ್ತಿದ ದಿನದ ಕಥೆಯನ್ನು ಮೊದಲಿನಿಂದ ಹೇಳಿದಳು. ಅವನು ಪೆನ್ನು ಕೆಳಗಿಟ್ಟು ಕೇಳಿದ.

"ಯವ್ವಾ, ಹೆಣದ ಹೆಸರಿಲೆ ಬರಿಯಾಕ ಫಾರ್ಮಿನ್ಯಾಗ ಜಾಗಾ ಇಲ್ಲ. ರೊಕ್ಕ ಎದಕ್ಕ ಇಟ್ಟೀದಿ ಅಂತ ಅದು ಕೇಳೂದಿಲ್ಲ, ಐತೋ ಇಲ್ಲೋ ಅಷ್ಟ. ಈಗರ ಇದ್ದದ್ದು ಇದ್ಹಂಗ ಬರಸು. ಮನಿಗೆ ನಿನ್ನ ಪಾಲು ಮೂವತ್ತೈದು ಸಾವಿರ ಕಟ್ಟಬೇಕಲ್ಲ, ಅದನ್ನ ಈಗ ಕಟ್ಟಿದ್ರ ಉಳಿತಾಯದಾಗ ಹಿಡಿಯೂದಿಲ್ಲ."

ನೋಡಿ ಮಜಾ! ಮೂವತ್ತು ಸಾವಿರಕ್ಕಿಂತ ಹೆಚ್ಚಿದ್ದರೆ ಮನೆ ಇಲ್ಲ, ಮೂವತ್ತೈದು ಸಾವಿರ ಕಟ್ಟದಿದ್ದರೂ ಮನೆ ಇಲ್ಲ. ಹದಿನಾಲ್ಕು ವರ್ಷ ಅಂಕಿಗಳ ಜೊತೆಗೇ ಬಾಳಿದ ನನಗೂ ಈ ಲೆಕ್ಕ ಬಗೆಹರಿಯಲಿಲ್ಲ.

ಫಕೀರವ್ವ ಅವತ್ತು ನನ್ನನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದಳು. ಎರಡು ದಿನ ಪೇಟೆಗೆ ಹೋಗಲಿಲ್ಲ, ಒಲೆಯನ್ನೂ ಹಚ್ಚಲಿಲ್ಲ. ನನ್ನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟಳು. ಕಡೆಗೆ ಮಾಬೂಬಿ ಬಂದು ಎದುರಿಗೆ ಕುಂತಳು.

"ಯುಗಾದಿ ಆದಮ್ಯಾಗ ಎಲ್ಲಿ ಮಲಗ್ತಿ? ಸತ್ತಮ್ಯಾಗಿನ ಚಿಂತಿ ನಮಗ ಬಿಡು. ಪಟ್ಟಿ ಎತ್ತೂದಿಲ್ಲ, ಹೆಗಲು ಕೊಡ್ತೀವಿ."

"ನೀ ನನಕಿಂತ ಮೊದಲ ಸತ್ತರ?" ಎಂದಳು ಫಕೀರವ್ವ. ಇಬ್ಬರೂ ಒಮ್ಮೆಲೇ ನಕ್ಕರು. ನಗುತ್ತಲೇ ಫಕೀರವ್ವ ಅತ್ತಳು. ಮರುದಿನ ಅಂಚೆ ಕಚೇರಿಯಲ್ಲಿ ಮೂವತ್ತೈದು ಸಾವಿರ ತೆಗೆಯುವ ಚೀಟಿಗೆ ಹೆಬ್ಬೆಟ್ಟು ಒತ್ತಿದಳು. ನನಗೆ ಸಂಕಟವಾಯಿತು. ಮೂರು ಸಾವಿರದ ನಾನೂರು ಉಳಿಯಿತು.

ಪಾಲು ಕಟ್ಟಿದ ಮೇಲೆ ಮನೆ ಮಂಜೂರಾಗಿ, ಯುಗಾದಿಗೆ ಮೂರು ದಿನ ಮುಂಚೆ ಅವಳು ಹೊಸ ಮನೆಗೆ ಬಂದಳು. ಒಂದು ಕೋಣೆ, ಒಂದು ಕಿಟಕಿ, ಒಳಗಿನಿಂದ ಹಾಕುವ ಚಿಲಕ. ಸ್ವಲ್ಪ ದಿನಕ್ಕೆ ನನ್ನ ಹಾಳೆಗಳು ತುಂಬಿದವು. ಅಂಚೆ ಮಾಸ್ತರರು ನನ್ನ ಮೂಲೆ ಕತ್ತರಿಸಿ ರದ್ದು ಮಾಡಿ, ನನ್ನ ಜೊತೆಗೆ ಹೊಸ ಪಾಸ್‌ಬುಕ್ಕು ಕೊಟ್ಟರು. ಅವಳ ಮಣ್ಣಿನ ರೊಕ್ಕದ ಕಥೆ ಅವರಿಗೂ ಗೊತ್ತಿತ್ತು.

"ಮತ್ತ ಮೊದಲಿಂದ ಕೂಡಸ್ತೀಯೇನವ್ವ ಅದಕ್ಕ?" ಎಂದರು.

"ಇಲ್ರಿ, ಇದು ಫ್ಯಾನಿಗೆ. ಆ ಮನ್ಯಾಗ ಭಾಳ ಸೆಕಿ. ಹೆಣಕ್ಕ ಸೆಕಿ ಆಗೂದಿಲ್ಲ, ನನಗ ಆಗತೈತಿ."

ಅವಳು ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಹದಿನಾಲ್ಕು ವರ್ಷ ಅವಳ ದುಡ್ಡು ಹೊತ್ತ ನನಗೆ ಆ ಭಾಗ್ಯ ಬರಲಿಲ್ಲ, ನಿನ್ನೆ ಮೊನ್ನೆ ಬಂದ ಹೊಸ ಪಾಸ್‌ಬುಕ್ಕಿಗೆ ಬಂತು. ಹೊಟ್ಟೆಕಿಚ್ಚು ಆಗದೆ ಇರುತ್ತದೆಯೇ?

ಹೋದ ವಾರ ಫ್ಯಾನು ಬಂತು. ನಾನೀಗ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದ್ದೇನೆ, ಯಾವ ಲೆಕ್ಕವೂ ನನಗಿಲ್ಲ. ಫಕೀರವ್ವ ಫ್ಯಾನಿನ ಕೆಳಗೆ ಚಾಪೆ ಹಾಸಿ, ಹಾಡಹಗಲೇ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾಳೆ.