ಗೇರುಮರದ ಬುಡದಲ್ಲಿ

“ನೀರು ಸಾಲುವುದಿಲ್ಲ, ಸೊಪ್ಪು ಮುರೀರಿ ಮಾರಾಯ್ರೆ, ಹಸಿ ಸೊಪ್ಪು!” ಎಂದು ಗಂಡ ಕೂಗಿದಾಗ ಶೀಲಾವತಿಗೆ ನಂಬಿಕೆಯೇ ಬರಲಿಲ್ಲ. ಈ ಗುಡ್ಡದಲ್ಲಿ ಯಾರು ಕಡ್ಡಿ ಮುರಿದರೂ ಜಗಳಕ್ಕೆ ನಿಲ್ಲುವ ಚೆನ್ನಯ ತಾವೇ ಹೊಂಗೆಯ ಟೊಂಗೆಗೆ ಜೋತುಬಿದ್ದಿದ್ದರು. ಗೇರುಮರದ ಬುಡದಲ್ಲಿ ಎದ್ದ ಬೆಂಕಿ ತರಗೆಲೆಯ ಮೇಲೆ ಹರಿದು ಮರದ ಕ್ಯಾಬಿನ್ನಿನ ಮೆಟ್ಟಿಲ ಸಮೀಪಕ್ಕೆ ಬಂದಿತ್ತು.

ಎರಡು ದಿನದ ಮಟ್ಟಿಗೆ ಮಲಾಡಿನಿಂದ ಬಂದು ಕ್ಯಾಬಿನ್ನಿನಲ್ಲಿ ಇಳಿದಿದ್ದ ತಿಲಕ್ ಮಂಚದ ಚಾದರವನ್ನು ನೀರಿನ ಡ್ರಮ್ಮಿನಲ್ಲಿ ಅದ್ದಿ ನೆಲಕ್ಕೆ ಬಡಿಯುತ್ತಿದ್ದ. ಅವನ ಹೆಂಡತಿ ಲಾವಣ್ಯಾ ಬಕೆಟ್ ಹೊತ್ತು ಓಡಾಡುತ್ತಿದ್ದಳು. ಶೀಲಾವತಿಯ ಮಗಳು ಹರಿಣಿ ಗುದ್ದಲಿಯಿಂದ ತರಗೆಲೆ ಎಳೆದೆಳೆದು ಬರಿ ನೆಲ ಮಾಡುತ್ತಿದ್ದಳು. ಸಮುದ್ರದ ಕಡೆಯ ಗಾಳಿ ಒಮ್ಮೆ ಬೀಸಿ, ಉರಿ ಸೊಂಟದೆತ್ತರ ಎದ್ದಿತು. ಮೇಲಕ್ಕೆ ಹತ್ತಿದರೆ ಗುಡ್ಡವೇ ಹೋಯಿತು. ಉಳಿದವರು ಹಸಿ ಸೊಪ್ಪಿನಿಂದ ಬಡಿದರು. ಕೊನೆಗೆ ಬೆಂಕಿ ಹರಿಣಿ ಕೆರೆದ ಬರಿ ನೆಲಕ್ಕೆ ಬಂದು, ತಿನ್ನಲು ಏನೂ ಸಿಗದೆ ಸತ್ತಿತು.

ಉಸಿರು ತಿರುಗುವ ಮೊದಲೇ ಹರಿಣಿ ತಿಲಕನ ಎದುರು ನಿಂತಳು. “ಬೆಳಿಗ್ಗೆ ಸಿಗರೇಟ್ ಸೇದಿದ್ದು ನೀವೇ ಅಲ್ವಾ? ಸೇದಬಾರದು ಅಂತ ಬೋರ್ಡ್ ಹಾಕಿದ್ದು ಕಾಣ್ಲಿಲ್ವಾ?”

“ಸೇದಿದೆ, ಹಾಂ. ಲೇಕಿನ್ ಆ ಕಡೆ, ಬಂಡೆ ಮೇಲೆ. ಬುಝಾಯಿಸಿದೆ, ಪಕ್ಕಾ ಆರಿಸಿದೆ.”

“ಬಿಟ್ಟಿದ್ದೀನಿ ಅಂದಿದ್ದೆಯಲ್ಲ?” ಎಂದಳು ಲಾವಣ್ಯಾ. ಅವಳ ದನಿ ಹರಿಣಿಯದಕ್ಕಿಂತ ತಣ್ಣಗಿತ್ತು.

ಚೆನ್ನಯ ಅಲ್ಲೇ ಕಲ್ಲಿನ ಮೇಲೆ ಕೂತು ಮುಖ ಒರೆಸಿಕೊಳ್ಳುತ್ತಿದ್ದರು. ಶೀಲಾವತಿ ಅವರನ್ನೇ ನೋಡಿದಳು. ಹಿಂದೆ ಇಲ್ಲಿದ್ದದ್ದು ಕಲ್ಲು ಒಡೆದು ಬಿಟ್ಟುಹೋದ ಬೋಳುಗುಡ್ಡ. ಚೆಂಬೂರಿನ ತಮ್ಮ ಹೋಟೆಲಿನ ಚಹಾಚರಟ, ತರಕಾರಿ ಸಿಪ್ಪೆ, ಭಟ್ಟಿಯ ಬೂದಿಯನ್ನು ಡಬ್ಬಗಳಲ್ಲಿ ತುಂಬಿ, ಮಾರ್ವೆ ಜೆಟ್ಟಿಯಲ್ಲಿ ದೋಣಿ ಹತ್ತಿಸಿ ಈ ಮನೋರಿಗೆ ತಂದು, ಸಸಿ ಸಸಿಯ ಬುಡಕ್ಕೂ ಹಾಕಿ ಕಾಡು ಮಾಡಿದವರು ಅವರು. ಕ್ಯಾಬಿನ್ ಕಟ್ಟಿ ಬಾಡಿಗೆಗೆ ಜನ ಕರೆಸುವ ಆಸೆ ಹರಿಣಿಯದು. “ಒಂದೇ ಒಂದು ಅನಾಹುತ ಆಗಲಿ, ಬೀಗ ಹಾಕ್ತೇನೆ” ಎಂದೇ ಅವರು ಒಲ್ಲದ ಮನಸ್ಸಿನಿಂದ ಒಪ್ಪಿದ್ದರು.

ಈಗ ಅನಾಹುತ ಆಗಿತ್ತು. ಅವರು ಸುಮ್ಮನೆ ಕೂತಿದ್ದರೆ ಸಾಕು, ಬೀಗ ತಾನಾಗಿಯೇ ಬೀಳುತ್ತಿತ್ತು.

ಆದರೆ ಬೆಳಿಗ್ಗೆ ಕ್ಯಾಬಿನ್ನಿನ ಒಲೆ ಬಾಚಿ, ಬೂದಿಯ ಬಕೆಟ್ ಹಿಡಿದು ಚೆನ್ನಯ ಗೇರುಮರದತ್ತ ಹೋದದ್ದನ್ನು ಶೀಲಾವತಿ ಕಂಡಿದ್ದಳು. ಅವಳಿಗೂ ಆಗ ಏನೂ ಅನಿಸಿರಲಿಲ್ಲ. ಅಷ್ಟು ವರ್ಷ ಬೂದಿ ಟೆಂಪೋದಲ್ಲಿ, ದೋಣಿಯಲ್ಲಿ ಕೂತು ತಣ್ಣಗಾಗಿಯೇ ಬರುತ್ತಿತ್ತು. ಇಲ್ಲಿ ಒಲೆಯಿಂದ ಮರಕ್ಕೆ ಹತ್ತು ಮಾರು ದೂರವೂ ಇಲ್ಲ.

ಚಾದರ ಎತ್ತಿಕೊಳ್ಳಲು ಮರದ ಹತ್ತಿರ ಹೋದ ತಿಲಕ್ ಬಗ್ಗಿದವನು ಹಾಗೇ ನಿಂತ. ಅಡ್ಡಬಿದ್ದ ಬೂದಿಯ ಬಕೆಟ್, ಅದರ ಬಾಯಿಯಿಂದ ಶುರುವಾದ ಕರಿ ಗುರುತು. ಅವನು ಚೆನ್ನಯರತ್ತ ನೋಡಿದ. ಚೆನ್ನಯ ಕಣ್ಣು ಕೆಳಗಿಳಿಸಿದರು. ತಿಲಕ್ ಒದ್ದೆ ಚಾದರವನ್ನು ಬಕೆಟ್ಟಿನ ಮೇಲೆ ಹಾಕಿ ವಾಪಸು ಬಂದ.

“ಸಾರಿ ಹಾಂ, ಹರಿಣಿ. ಹೋ ಸಕ್ತಾ ಹೈ. ನಂದೇ ಇರಬಹುದು.”

“ಇರಬಹುದು ಅಂತೆ! ಬ್ಯಾಗ್ ಕಟ್ಟಿ. ನಾನೂ ಇದನ್ನು ಬಂದ್ ಮಾಡ್ತೇನೆ. ಅಪ್ಪ, ನೀವು ಹೇಳಿದ್ದೇ ಸರಿ ಆಯ್ತು. ಖುಷಿಯಾ?” ಎಂದಳು ಹರಿಣಿ. ಲಾವಣ್ಯಾ ಆಗಲೇ ಒಳಗೆ ಹೋಗಿ ಬ್ಯಾಗಿನ ಜಿಪ್ ಎಳೆಯುತ್ತಿದ್ದಳು.

ಶೀಲಾವತಿ ಗಂಡನ ಪಕ್ಕ ಕೂತಳು. ಅವರಿಗೆ ಮಾತ್ರ ಕೇಳಿಸುವಂತೆ ಅಂದಳು: “ಆ ಹುಡುಗ ಹೆಂಡತಿ ಎದುರು ಸುಳ್ಳುಗಾರ ಆದ, ನಿಮ್ಮ ಮರ್ಯಾದೆ ಉಳಿಸ್ಲಿಕ್ಕೆ. ಅಂಗೈ ನೋಡಿದ್ರಾ ಅವನದ್ದು?”

ಚೆನ್ನಯ ನೋಡಿದರು. ಸುಟ್ಟು ಬೊಬ್ಬೆ ಎದ್ದ ಕೈಯನ್ನು ತಿಲಕ್ ಬೆನ್ನ ಹಿಂದೆ ಹಿಡಿದು ನಿಂತಿದ್ದ. ಮುದುಕರು ಏಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು.

“ಹರಿಣಿ,” ಎಂದರು, “ಅವರ ಬ್ಯಾಗು ಅಲ್ಲೇ ಇರಲಿ. ಬೂದಿ ಹಾಕಿದ್ದು ನಾನು. ಬಿಸಿ ಉಂಟಾ ಅಂತ ನೋಡ್ಲಿಲ್ಲ.”

ಹರಿಣಿ ಅಪ್ಪನನ್ನೂ ಅಮ್ಮನನ್ನೂ ನೋಡಿದಳು. ಕೈಯಲ್ಲಿದ್ದ ಗುದ್ದಲಿಯನ್ನು ಗೋಡೆಗೆ ಒರಗಿಸಿದಳು.

ಚೆನ್ನಯ ಹಿತ್ತಲಿನಿಂದ ಲೋಳೆಸರದ ಒಂದು ಎಲೆ ಕಿತ್ತು ತಂದರು. ತಿಲಕನನ್ನು ಮೆಟ್ಟಿಲ ಮೇಲೆ ಕೂರಿಸಿ, ಅವನ ಕೈಯನ್ನು ತಮ್ಮ ಮೊಣಕಾಲ ಮೇಲಿಟ್ಟುಕೊಂಡು ಸಿಪ್ಪೆ ಸೀಳಲು ನೋಡಿದರು. ಲೋಳೆಗೆ ಎಲೆ ಜಾರುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಲಾವಣ್ಯಾ ಕೆಳಗಿಳಿದು ಬಂದು ಎಲೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡಳು.